ಕೊನೆಯ ಆಲ್ಬಂ ಅಂದರೆ ಎಲ್ಲರೂ ಜ್ಯೋತಿಷಿಗಳೇ

ಶನಿವಾರ ಮಧ್ಯಾಹ್ನದ ಸಿಟ್ಟು ಇದು. ಇವತ್ತು ಮಂಗಳವಾರ, ಇನ್ನೂ ಇಳಿದಿಲ್ಲ. ಬರೆದರಾದರೂ ಇಳಿಯುತ್ತದೇನೋ ನೋಡೋಣ.

ಮ್ಯಾಂಚೆಸ್ಟರ್‌ನಲ್ಲಿ ಅಪರೂಪಕ್ಕೆ ಬಿಸಿಲು ಬಂದಿತ್ತು. ಬಿಸಿಲು ಬಂದರೆ ಇಲ್ಲಿನವರು ಪಾರ್ಕಿಗೆ ಓಡುತ್ತಾರೆ. ನಾನು ಹಳೇ ರೆಕಾರ್ಡ್ ಅಂಗಡಿಗೆ ಹೋದೆ. ಸುಮ್ನೆ ತಡಕಾಡುತ್ತಿದ್ದಾಗ ಇದೇ ಊರಿನ, ಎಂಬತ್ತರ ದಶಕದ ದಿ ಸ್ಮಿತ್ಸ್ ಬ್ಯಾಂಡಿನ ಕೊನೆಯ ಆಲ್ಬಂ 'ಸ್ಟ್ರೇಂಜ್‌ವೇಸ್, ಹಿಯರ್ ವಿ ಕಮ್' ಎಲ್‌ಪಿ ಕೈಗೆ ಸಿಕ್ಕಿತು. ಹಾಸ್ಟೆಲ್ ದಿನಗಳಿಂದ ಕೇಳುತ್ತಿರುವ ಆಲ್ಬಂ. ಆದರೆ ತಟ್ಟೆಯಾಗಿ ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಮೂಲೆ ಸ್ವಲ್ಪ ಮಡಚಿತ್ತು, ರೇಟು ಜಾಸ್ತಿಯೇ ಇತ್ತು. ಆದರೂ ಖುಷಿಯಾಗಿ ಕೌಂಟರಿಗೆ ತಂದೆ.

ಕೌಂಟರಿನ ಹಿಂದಿದ್ದವನು ಅದನ್ನು ತಿರುಗಿಸಿ ನೋಡಿದ. ಆಮೇಲೆ ನನ್ನನ್ನು ನೋಡಿದ. "ಇದಾ? ಇವರ ಹಿಂದಿನ ಆಲ್ಬಂ 'ದಿ ಕ್ವೀನ್ ಈಸ್ ಡೆಡ್' ಕೇಳಿದ್ದೀರಾ ಮೊದಲು? ಇದು ಬ್ಯಾಂಡ್ ಒಡೆದು ಹೋಗುವಾಗ ಮಾಡಿದ್ದು. ಕೇಳಿದರೇ ಗೊತ್ತಾಗುತ್ತದೆ, ಒಬ್ಬರಿಗೂ ಮನಸ್ಸಿರಲಿಲ್ಲ" ಎಂದ.

ನಾನು ದುಡ್ಡು ಕೊಡಲು ನಿಂತವನು, ಸಲಹೆ ಕೇಳಲು ಅಲ್ಲ. ಹೋಟೆಲಿನಲ್ಲಿ ಉಪ್ಪಿಟ್ಟು ಕೇಳಿದರೆ ಮಾಣಿ ಬಂದು "ಉಪ್ಪಿಟ್ಟು ಬೇಡ ಸಾರ್, ಅದನ್ನು ಕಲಸುವಾಗ ಭಟ್ಟರು ಕೆಲಸ ಬಿಡುವ ಯೋಚನೆಯಲ್ಲಿದ್ದರು" ಅನ್ನುತ್ತಾನಾ?

ಅಷ್ಟಕ್ಕೇ ಮುಗಿಯಲಿಲ್ಲ. ನನ್ನ ಹಿಂದೆ ನಿಂತಿದ್ದ ಇನ್ನೊಬ್ಬ ಮಹಾನುಭಾವ ಬಾಯಿ ಹಾಕಿದ. "ಇಲ್ಲ ಇಲ್ಲ, ಇದೇ ಅವರ ಬೆಸ್ಟ್. ಕೊನೆಯ ಹಾಡಿನಲ್ಲಿ ಮೋರಿಸ್ಸಿ ಜಾನಿ ಮಾರ್‌ಗೆ ವಿದಾಯ ಹೇಳುತ್ತಾನಲ್ಲ, ಕಣ್ಣೀರು ಬರುತ್ತದೆ." ಮೋರಿಸ್ಸಿ ಅಂದರೆ ಬ್ಯಾಂಡಿನ ಗಾಯಕ, ಮಾರ್ ಗಿಟಾರಿಸ್ಟ್. ಅಂಗಡಿಯವನಿಗೂ ಇವನಿಗೂ ಶುರುವಾಯಿತು ವಾದ. ನಾನು ಕಾರ್ಡ್ ಹಿಡಿದುಕೊಂಡು ಹತ್ತು ನಿಮಿಷ ನಿಂತೆ. ಆ ಹತ್ತು ನಿಮಿಷದಲ್ಲಿ ಇಬ್ಬರ ಬಾಯಲ್ಲೂ ಒಂದು ವಾದ್ಯದ ಹೆಸರು ಬರಲಿಲ್ಲ. ಗಿಟಾರ್ ಹೇಗಿದೆ, ಪಿಯಾನೋ ಯಾಕಿದೆ, ರಾಗ ಎಲ್ಲಿ ಹಿಡಿಯುತ್ತದೆ, ಊಹೂಂ. ಬರೀ ಯಾರು ಯಾರನ್ನು ಬಿಟ್ಟರು, ಯಾವಾಗ ಬಿಟ್ಟರು, ಯಾರ ತಪ್ಪು.

ನಮ್ಮ ಕಡೆ ಒಬ್ಬ ದೊಡ್ಡಮ್ಮ ಇದ್ದರು. ಯಾರದ್ದಾದರೂ ಮದುವೆ ಮುರಿದರೆ ಸಾಕು, ಕಪಾಟಿನಿಂದ ಮದುವೆ ಆಲ್ಬಂ ತೆಗೆಯುತ್ತಿದ್ದರು. "ನೋಡು, ಧಾರೆ ಎರೆಯುವಾಗಲೇ ಹುಡುಗಿ ಮುಖದಲ್ಲಿ ನಗು ಇಲ್ಲ. ನಾನು ಅವತ್ತೇ ಅಂದುಕೊಂಡೆ." ಅವತ್ತು ಅವರು ಅಂದುಕೊಂಡಿದ್ದು ಹೋಳಿಗೆಗೆ ತುಪ್ಪ ಕಡಿಮೆ ಆಯಿತು ಅಂತ ಮಾತ್ರ, ನಾನು ಪಕ್ಕದಲ್ಲೇ ಕೂತಿದ್ದೆ. ಹುಡುಗಿ ನಗದಿದ್ದದ್ದು ಹೊಗೆಗೆ ಕಣ್ಣು ಉರಿಯುತ್ತಿದ್ದುದರಿಂದ. ಈ ಸ್ಮಿತ್ಸ್ ಅಭಿಮಾನಿಗಳೆಲ್ಲ ಆ ದೊಡ್ಡಮ್ಮನ ಮಕ್ಕಳು. ಆಲ್ಬಂ ಬೇರೆ, ಕೆಲಸ ಅದೇ.

ಸ್ವಲ್ಪ ತಾರೀಖು ನೋಡೋಣ, ಸಿಟ್ಟಿಗೂ ಆಧಾರ ಇರಲಿ. ಈ ಹಾಡುಗಳನ್ನು ರೆಕಾರ್ಡ್ ಮಾಡಿದ್ದು 1987ರ ವಸಂತದಲ್ಲಿ, ಬಾತ್ ಊರಿನ ಹತ್ತಿರ ಬೆಕಿಂಗ್ಟನ್ ಎಂಬ ಹಳ್ಳಿಯ ವುಲ್ ಹಾಲ್ ಸ್ಟುಡಿಯೋದಲ್ಲಿ. ಮಾರ್‌ಗೆ ಆಗ 23 ವರ್ಷ. ಅವನು ಬ್ಯಾಂಡ್ ಬಿಟ್ಟ ಸುದ್ದಿ ಪತ್ರಿಕೆಗೆ ಬಂದದ್ದು ಆಗಸ್ಟ್‌ನಲ್ಲಿ. ಆಲ್ಬಂ ಅಂಗಡಿಗೆ ಬಂದದ್ದು ಸೆಪ್ಟೆಂಬರ್ 28ಕ್ಕೆ. ಅಂದರೆ ಹಾಡುವಾಗ ಬ್ಯಾಂಡ್ ಇತ್ತು, ಕೇಳುವಾಗ ಇರಲಿಲ್ಲ. ಈ ಗಲಾಟೆಗೆಲ್ಲ ಅಷ್ಟೇ ಕಾರಣ. ಮೊದಲ ದಿನ ಕೊಂಡವನೂ ಅದನ್ನು ಸೂತಕದ ಮನೆಯಲ್ಲಿ ಕೂತು ಕೇಳಿದ.

ಸ್ಟುಡಿಯೋದಲ್ಲಿ ಸೂತಕ ಇರಲಿಲ್ಲ. ಮೋರಿಸ್ಸಿ ಮಲಗಲು ಹೋದ ಮೇಲೆ ಉಳಿದವರು ನಡುರಾತ್ರಿ ದಾಟುವವರೆಗೂ ಕುಡಿದು ಕುಣಿಯುತ್ತಿದ್ದರಂತೆ. ಇದನ್ನು ಹೇಳಿರುವುದು ಅಲ್ಲಿದ್ದವರೇ. ಮಾರ್ ಮತ್ತು ಮೋರಿಸ್ಸಿ ಬೇರೆ ಯಾವುದಕ್ಕೂ ಒಪ್ಪದವರು, ಆದರೆ ತಮ್ಮ ನಾಲ್ಕು ಸ್ಟುಡಿಯೋ ಆಲ್ಬಂಗಳಲ್ಲಿ ಇದೇ ಒಳ್ಳೆಯದು ಎಂದು ಇಬ್ಬರೂ ಹೇಳಿದ್ದಾರೆ. ಹಾಗಂತ ಎಲ್ಲ ಸರಿ ಇತ್ತು ಅಂತ ನಾನು ಹೇಳುತ್ತಿಲ್ಲ. ಸರಿಯಾದ ಮ್ಯಾನೇಜರ್ ಇರಲಿಲ್ಲ, ಆ ಹೊರೆಯೂ ಮಾರ್ ತಲೆ ಮೇಲೆ ಬಿದ್ದಿತ್ತು, ಮನುಷ್ಯ ಸುಸ್ತಾಗಿದ್ದ. ಜಗಳ ಬಿಗಡಾಯಿಸಿದ್ದು ಆಲ್ಬಂ ಮುಗಿದ ಮೇಲೆ, ಸಿಂಗಲ್‌ಗಳ (ಒಂದೊಂದೇ ಹಾಡಿಗೆಂದು ಬಿಡುವ ಚಿಕ್ಕ ತಟ್ಟೆಗಳ) ಹಿಂಬದಿಗೆ ಬೇಕಿದ್ದ ಹಾಡುಗಳನ್ನು ರೆಕಾರ್ಡ್ ಮಾಡುವಾಗ. ಅರವತ್ತರ ದಶಕದ ಗಾಯಕಿ ಸಿಲ್ಲಾ ಬ್ಲ್ಯಾಕ್ ಹಾಡಿದ್ದ ಹಳೇ ಹಾಡೊಂದನ್ನು ನುಡಿಸಬೇಕಾಗಿ ಬಂದದ್ದು ಮಾರ್‌ಗೆ ಸ್ವಲ್ಪವೂ ಹಿಡಿಸಲಿಲ್ಲ. ಬೇಕಿದ್ದರೆ ಅದರಲ್ಲಿ ಬಿರುಕು ಹುಡುಕಿ. ಅದನ್ನು ಯಾರೂ ಕೇಳುವುದೇ ಇಲ್ಲ ಬಿಡಿ.

"ಮನಸ್ಸಿರಲಿಲ್ಲ" ಅಂದನಲ್ಲ ಅಂಗಡಿಯವನು, ಅದು ನನಗೆ ಜಾಸ್ತಿ ಉರಿಸಿದ್ದು. ಮಾರ್ ಅಂದರೆ ಗಿಟಾರ್, ಗಿಟಾರ್ ಅಂದರೆ ಮಾರ್ ಅನ್ನುತ್ತಿದ್ದ ಕಾಲ. ಅಂಥವನು ಆಲ್ಬಂನ ಮೊದಲ ಹಾಡಿನಲ್ಲಿ ಗಿಟಾರನ್ನೇ ಮುಟ್ಟಿಲ್ಲ. 'ಎ ರಷ್ ಅಂಡ್ ಎ ಪುಶ್' ಶುರುವಾಗುವುದೇ ಪಿಯಾನೋದಿಂದ, ಕೊನೆಯವರೆಗೂ ಗಿಟಾರ್ ಇಲ್ಲ. ಬೇಕು ಅಂತಲೇ ಮಾಡಿದ್ದು. ಮನಸ್ಸಿಲ್ಲದವನು ಗೊತ್ತಿರುವ ಹಳೇ ಪಟ್ಟನ್ನೇ ಇನ್ನೊಂದು ಸಲ ನುಡಿಸಿ, ಚೆಕ್ ಇಸಿದುಕೊಂಡು ಹೋಗುತ್ತಾನೆ. 'ಡೆತ್ ಆಫ್ ಎ ಡಿಸ್ಕೋ ಡಾನ್ಸರ್' ಹಾಡಿನ ಕೊನೆಯಲ್ಲಿ ಪಿಯಾನೋ ಮೇಲೆ ಎರ್ರಾಬಿರ್ರಿ ಬಡಿಯುತ್ತಿರುವುದು ಸ್ವತಃ ಮೋರಿಸ್ಸಿ. ಸ್ಮಿತ್ಸ್ ರೆಕಾರ್ಡುಗಳಲ್ಲಿ ಅವನು ಪಿಯಾನೋ ಮುಟ್ಟಿದ್ದು ಅದೊಂದೇ ಸಲ. ನುಡಿಸಲು ಬರುವುದಿಲ್ಲ ಎನ್ನುವುದು ಮೂರು ಸೆಕೆಂಡಿನಲ್ಲಿ ಗೊತ್ತಾಗುತ್ತದೆ, ಆದರೂ ಎಷ್ಟು ಚೆನ್ನಾಗಿದೆ! ಕೆಳಗೆ ಆಂಡಿ ರೂರ್ಕ್‌ನ ಬೇಸ್ ಗಿಟಾರ್ ಸುಮ್ಮನೆ ತನ್ನ ಪಾಡಿಗೆ ಸುತ್ತುತ್ತಾ ಇರುತ್ತದೆ, ಗಾಣದ ಎತ್ತಿನ ಹಾಗೆ, ಸ್ವಲ್ಪವೂ ಗಾಬರಿಯಿಲ್ಲದೆ. ರೂರ್ಕ್ 2023ರಲ್ಲಿ ತೀರಿಕೊಂಡ. ಆ ವಾರ ಇದನ್ನೇ ಹಾಕಿಕೊಂಡು ಕೂತಿದ್ದೆ. ನೋಡಿ, ನಾನೂ ಸೂತಕ ತಂದೆ. ಅದು ಬೇರೆ ವಿಷಯ.

'ಲಾಸ್ಟ್ ನೈಟ್ ಐ ಡ್ರೆಮ್ಟ್' ಹಾಡಿಗೆ ಹೆಚ್ಚು ಕಡಿಮೆ ಎರಡು ನಿಮಿಷದ ಪೀಠಿಕೆ ಇದೆ. ಬರೀ ಪಿಯಾನೋ, ಹಿಂದೆ ಜನರ ಗುಂಪಿನ ಕೂಗಾಟ. ಆಮೇಲೆ ಎದೆಗೆ ಬಡಿದ ಹಾಗೆ ಎಲ್ಲ ವಾದ್ಯಗಳೂ ಒಟ್ಟಿಗೆ ಬರುತ್ತವೆ. ಆ ವಯಲಿನ್ ಸದ್ದೆಲ್ಲ ಎಮ್ಯುಲೇಟರ್ ಎಂಬ ಸ್ಯಾಂಪ್ಲರ್ ಕೀಬೋರ್ಡಿನಲ್ಲಿ ಮಾರ್ ನುಡಿಸಿದ್ದು. ಸಿಂಗಲ್ ಬಿಡುವಾಗ ಪೀಠಿಕೆ ಕತ್ತರಿಸಿದರು. ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 30ನೇ ಸ್ಥಾನಕ್ಕೆ ನಿಂತಿತು, ನನ್ನ ಕೇಳಿದರೆ ಅದಕ್ಕೆ ಸರಿಯಾದ ಶಿಕ್ಷೆ. ಸಾರಿಲ್ಲದೆ ಅನ್ನ ಬಡಿಸಿದ ಹಾಗೆ ಆಗುತ್ತದೆ.

ಇದನ್ನೆಲ್ಲ ಅಂಗಡಿಯಲ್ಲಿ ಹೇಳಿದೆನಾ? ಇಲ್ಲ. "ಸರಿ, ಬಿಲ್ ಮಾಡಿ" ಅಂದೆ. ಅದಕ್ಕೇ ಈಗ ಇಲ್ಲಿ ಬರೆಯುತ್ತಿರುವುದು.

ಮನೆಗೆ ಬಂದರೆ ಇನ್ನೊಂದು ಕಥೆ. ನನ್ನ ಜೊತೆ ಇರುವ ಗೆಳೆಯ ಸಾಗರದವನು. ಎಲ್‌ಪಿ ನೋಡಿದವನೇ "ಅಯ್ಯೋ ಮಾರಾಯ, ವೈಕುಂಠ ಸಮಾರಾಧನೆ ಊಟ ತಂದೆಯಲ್ಲ" ಎಂದ. ಅವನು ಈ ಆಲ್ಬಂ ಪೂರ್ತಿ ಕೇಳಿಲ್ಲ. ನನಗೆ ಗೊತ್ತು, ಕೇಳಿದೆ ಕೂಡ. "ಪೂರ್ತಿ ಯಾಕೆ ಕೇಳಬೇಕು, ಕೊನೆಯ ಆಲ್ಬಂ ಅಲ್ವಾ, ಎಲ್ಲ ಬ್ಯಾಂಡಿನದ್ದೂ ಅಷ್ಟೇ" ಎಂದ. ಮುಖಪುಟವನ್ನೂ ಬಿಡಲಿಲ್ಲ. ಅದರಲ್ಲಿರುವುದು 'ಈಸ್ಟ್ ಆಫ್ ಈಡನ್' ಚಿತ್ರದ ನಟ ರಿಚರ್ಡ್ ಡವಲೋಸ್. "ನೋಡು, ಫೋಟೋ ಕೂಡ ಮಸುಕು. ಭವಿಷ್ಯ ಇಲ್ಲ ಅಂತ ಅರ್ಥ." ಮಸುಕು ಯಾಕೆ ಅಂದರೆ ಹಳೇ ಫೋಟೋ ದೊಡ್ಡದು ಮಾಡಿದ್ದಾರೆ, ಮಾರಾಯ!

ಹೆಸರಿನದ್ದೂ ಅದೇ ಪಾಡು. ಸ್ಟ್ರೇಂಜ್‌ವೇಸ್ ಅಂದರೆ ಇಲ್ಲಿನ ಹಳೇ ಜೈಲು, 1868ರದ್ದು. ವಿಕ್ಟೋರಿಯಾ ಸ್ಟೇಷನ್ನಿನಿಂದ ಉತ್ತರಕ್ಕೆ ಸ್ವಲ್ಪ ನಡೆದರೆ ಅದರ ಎತ್ತರದ ಗೋಪುರ ಕಾಣುತ್ತದೆ. ಊರಿನ ಹುಡುಗರು ಊರಿನ ಜೈಲಿನ ಹೆಸರಿಟ್ಟು ತಮಾಷೆ ಮಾಡಿದರು. ಪರಪ್ಪನ ಅಗ್ರಹಾರಕ್ಕೆ ಹೊರಟಿದ್ದೇವೆ ಅಂತ ಬೆಂಗಳೂರಿನ ಹುಡುಗರು ಹೆಸರಿಟ್ಟರೆ ನಾವು ನಗುವುದಿಲ್ಲವಾ? ಇಲ್ಲ, ಇದಕ್ಕೂ ಅರ್ಥ ಬೇಕು. ಬ್ಯಾಂಡೇ ಅವರಿಗೆ ಜೈಲಾಗಿತ್ತಂತೆ. ಸಾಲ್ಫರ್ಡ್ ಲ್ಯಾಡ್ಸ್ ಕ್ಲಬ್ ಮುಂದೆ 'ದಿ ಕ್ವೀನ್ ಈಸ್ ಡೆಡ್' ಫೋಟೋದ ಹಾಗೆ ನಿಂತು ಫೋಟೋ ತೆಗೆಸಿಕೊಳ್ಳಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಜೈಲಿನ ಮುಂದೆ ಯಾರೂ ನಿಲ್ಲುವುದಿಲ್ಲ. ಅದನ್ನು ಮಾತ್ರ ನಾನು ಕ್ಷಮಿಸುತ್ತೇನೆ.

ಈಗ ಆ ಕೊನೆಯ ಹಾಡು, 'ಐ ವೋಂಟ್ ಶೇರ್ ಯು'. ಇದರ ಬಗ್ಗೆ ನನ್ನ ಹತ್ತಿರ ಒಂದು ಸಾಕ್ಷಿ ಇದೆ.

2006ರಲ್ಲಿ ಶಿವಮೊಗ್ಗದ ಹಾಸ್ಟೆಲ್ಲಿನಲ್ಲಿ ನನಗೆ ಈ ಆಲ್ಬಂ ಸಿಕ್ಕಿದ್ದು ಸೀನಿಯರ್ ಒಬ್ಬನ ಪೆನ್‌ಡ್ರೈವ್‌ನಿಂದ. ಒಂದು ಫೋಲ್ಡರ್, ಹತ್ತು ಹಾಡು. ಬ್ಯಾಂಡ್ ಯಾವ ದೇಶದ್ದು, ಇದೆಯಾ ಇಲ್ಲವಾ, ಇದು ಅವರ ಎಷ್ಟನೇ ಆಲ್ಬಂ, ಏನೂ ಗೊತ್ತಿರಲಿಲ್ಲ. ಹಾಡುಗಳಿಗೆ ನಂಬರ್ ಕೂಡ ಇರಲಿಲ್ಲ. ಹಾಗಾಗಿ ಕಂಪ್ಯೂಟರ್ ಅವನ್ನು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿತ್ತು. ಮೂರು ವರ್ಷ ನಾನು ಕೇಳಿದ್ದು ಅದೇ ಜೋಡಣೆಯಲ್ಲಿ. ನಿಜವಾದ ಆಲ್ಬಂನಲ್ಲಿ ಹತ್ತನೆಯದಾದ 'ಐ ವೋಂಟ್ ಶೇರ್ ಯು' ನನ್ನ ಫೋಲ್ಡರಿನಲ್ಲಿ ಆರನೆಯದು! ನಟ್ಟ ನಡುವೆ. ಕೊನೆಗೆ ಬರುತ್ತಿದ್ದುದು 'ಅನ್‌ಹ್ಯಾಪಿ ಬರ್ತ್‌ಡೇ', ಹುಟ್ಟುಹಬ್ಬಕ್ಕೆ ಶಾಪ ಹಾಕುವ ಹಾಡು. ಅದು ಮುಗಿದರೆ ಯಾರಿಗೂ ಕಣ್ಣೀರು ಬರುವುದಿಲ್ಲ, ನಗು ಬರುತ್ತದೆ.

ಆರನೆಯದಾಗಿ ಕೇಳಿದಾಗ ಅದು ವಿದಾಯದ ಹಾಡು ಅಂತ ನನಗೆ ಒಂದು ದಿನವೂ ಅನಿಸಲಿಲ್ಲ. ಪ್ರೀತಿಯಲ್ಲಿ ಹೊಟ್ಟೆಕಿಚ್ಚು ಪಡುವವನೊಬ್ಬನ ಹಾಡು ಅನಿಸುತ್ತಿತ್ತು. ಮಾರ್ ಅಲ್ಲಿ ಆಟೋಹಾರ್ಪ್ ಎಂಬ ತಂತಿವಾದ್ಯ ಮೀಟಿದ್ದಾನೆ, ಮಳೆ ನಿಂತ ಮೇಲೆ ಹೆಂಚಿನಿಂದ ಹನಿ ಬಿದ್ದ ಹಾಗೆ ಕೇಳಿಸುತ್ತದೆ. ಪರೀಕ್ಷೆ ಮುಗಿದ ಸಂಜೆಗಳಲ್ಲಿ ಅದನ್ನೇ ಹಾಕಿಕೊಂಡು ಮಲಗುತ್ತಿದ್ದೆ, ತುಂಬಾ ಸಮಾಧಾನ ಆಗುತ್ತಿತ್ತು. ಆಮೇಲೆ ಒಂದು ದಿನ ಯಾರೋ ಬುದ್ಧಿವಂತರು ಹೇಳಿದರು, ಇದು ಬ್ಯಾಂಡಿನ ಕೊನೆಯ ಆಲ್ಬಂನ ಕೊನೆಯ ಹಾಡು, ಇದು ಮಾರ್‌ಗೆ ಬರೆದದ್ದು ಅಂತ. ಅಷ್ಟೇ. ಅವತ್ತಿನಿಂದ ನನಗೂ ಹಾಗೆಯೇ ಕೇಳಿಸುತ್ತದೆ. ಹನಿ ಹೋಯಿತು, ಹೆಂಚು ಹೋಯಿತು. ನನ್ನ ಹಾಡು ತೆಗೆದುಕೊಂಡು ಹೋಗಿ ಅವರ ಜಗಳದ ಕಡತಕ್ಕೆ ಸೇರಿಸಿಬಿಟ್ಟರು. ನಿಜ ಹೇಳಬೇಕೆಂದರೆ ಶನಿವಾರ ನನಗೆ ಸಿಟ್ಟು ಬಂದದ್ದು ಇದಕ್ಕೇ.

ಟೀಕೆ ಮಾಡಬೇಡಿ ಅಂತ ಅಲ್ಲ. ಮಾಡಿ, ಬೇಕಾದಷ್ಟಿದೆ. 'ಡೆತ್ ಅಟ್ ಒನ್ಸ್ ಎಲ್ಬೋ' ದಂಡ, ಎರಡು ನಿಮಿಷ ಜಾಗ ತುಂಬಿಸಿದ್ದಾರೆ. 'ಐ ಸ್ಟಾರ್ಟೆಡ್ ಸಮ್‌ಥಿಂಗ್' ಹಾಡಿನ ಗಿಟಾರ್ ಟಿನ್ನಿನ ಡಬ್ಬ ಉರುಳಿಸಿದ ಹಾಗಿದೆ, ನನಗೆ ಇಷ್ಟ, ನಿಮಗೆ ಕಿವಿ ನೋವಾದರೆ ಒಪ್ಪುತ್ತೇನೆ. ಮೋರಿಸ್ಸಿ ಆಮೇಲಿನ ವರ್ಷಗಳಲ್ಲಿ ಆಡಿದ ಮಾತುಗಳಿಂದ ಅವನ ದನಿಯೇ ಬೇಡ ಅನಿಸಿದರೆ ಅದೂ ಅರ್ಥವಾಗುತ್ತದೆ, ನನಗೂ ಕೆಲವು ದಿನ ಹಾಗಾಗುತ್ತದೆ. 'ದಿ ಕ್ವೀನ್ ಈಸ್ ಡೆಡ್' ಇದಕ್ಕಿಂತ ಒಳ್ಳೆಯದು ಅನ್ನಿ. 2013ರಲ್ಲಿ ಎನ್‌ಎಂಇ ಎಂಬ ಇಲ್ಲಿನ ಸಂಗೀತ ಪತ್ರಿಕೆ ಅದನ್ನು ಸಾರ್ವಕಾಲಿಕ ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಕೂರಿಸಿದೆ. ಆದರೆ ಕೇಳಿ ಹೇಳಿ, ಸ್ವಾಮಿ. ವಿಕಿಪೀಡಿಯ ಓದಿ ಹೇಳಬೇಡಿ. "ಮಾರ್ ಮತ್ತು ಮೋರಿಸ್ಸಿಯೇ ಬೆಸ್ಟ್ ಅಂದಿದ್ದಾರೆ, ಆದ್ದರಿಂದ ಬೆಸ್ಟ್" ಅನ್ನುವವರೂ ಸುಮ್ಮನಿರಿ. ನಿಮಗೆ ಕಿವಿ ಇಲ್ಲವಾ?

ಇನ್ನೊಂದು ವಿಷಯಕ್ಕೆ ಮಾತ್ರ ನಗು ಬರುತ್ತದೆ. ಈ ಆಲ್ಬಂನಲ್ಲೇ 'ಪೇಂಟ್ ಎ ವಲ್ಗರ್ ಪಿಕ್ಚರ್' ಅಂತ ಒಂದು ಹಾಡಿದೆ. ಸತ್ತುಹೋದ ಗಾಯಕನ ಹಳೇ ಹಾಡುಗಳನ್ನೇ ಹೊಸ ಹೊದಿಕೆ ಹಾಕಿ ಮತ್ತೆ ಮತ್ತೆ ಮಾರುವ ಕಂಪನಿಯವರ ಬಗ್ಗೆ. ಬ್ಯಾಂಡ್ ಒಡೆದ ಮೇಲೆ ಏನಾಯಿತು? 1992ರಲ್ಲಿ ಆಯ್ದ ಹಾಡುಗಳ ಎರಡು ಆಲ್ಬಂ. 1995ರಲ್ಲಿ ಸಿಂಗಲ್‌ಗಳದ್ದೊಂದು. 2001ರಲ್ಲಿ ಮತ್ತೊಂದು, 2008ರಲ್ಲಿ ಇನ್ನೊಂದು. ನನ್ನ ಗೆಳೆಯ ಕೇಳಿರುವುದು ಆ 2008ರದ್ದು ಮಾತ್ರ. ಅದರ ಮೇಲೇ ಅವನ ಅಭಿಪ್ರಾಯವೆಲ್ಲ ನಿಂತಿರುವುದು.

ಭಾನುವಾರ ಸಿಟ್ಟಿನಲ್ಲೇ ಒಂದು ಕೆಲಸ ಮಾಡಿದೆ. ಹಳೇ ಹಾರ್ಡ್‌ಡಿಸ್ಕಿನಲ್ಲಿ ಆ ಫೋಲ್ಡರ್ ಇನ್ನೂ ಇತ್ತು. ಹೆಸರು ತೆಗೆದು, 'ಕೇಳು' ಅಂತ ಮಾತ್ರ ಬರೆದು ಊರಿನಲ್ಲಿರುವ ತಂಗಿಗೆ ಕಳಿಸಿದೆ. ಅವಳಿಗೆ ಸ್ಮಿತ್ಸ್ ಅಂದರೆ ಯಾರು ಅಂತಲೂ ಗೊತ್ತಿಲ್ಲ. ನಿನ್ನೆ ರಾತ್ರಿ ಅವಳ ದನಿ ಸಂದೇಶ ಬಂತು, ಹಿಂದೆ ಕುಕ್ಕರ್ ಸೀಟಿ.

"ಅಣ್ಣಾ, ಕೇಳಿದೆ. ಎರಡನೇದು ದಂಡ. ಕೋಮಾದಲ್ಲಿರೋ ಹುಡುಗಿದು ಒಳ್ಳೆ ಖುಷಿ ಖುಷಿಯಾಗಿದೆ, ಪಾಪ ಅನಿಸೋ ಬದಲು ನಗು ಬಂತು. ಆರನೇದು ಪಾಪುವನ್ನು ಮಲಗಿಸೋಕೆ ಹಾಕಿದೆ, ಮಲಗಿತು. ಚೆನ್ನಾಗಿದ್ದಾರೆ ಹುಡುಗರು. ಇದರ ಮುಂದಿನ ಆಲ್ಬಂ ಬಂದಿದ್ದರೆ ಅದನ್ನೂ ಕಳಿಸು."

ಇನ್ನೂ ಉತ್ತರ ಕೊಟ್ಟಿಲ್ಲ.