ಗಾಲಿ ಬಿಟ್ಟು ಗಾಡಿ ತೊಳೆದರೆ ಅದೆಂಥ ಫುಲ್ ವಾಶ್?

ಶನಿವಾರ ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾದ ವಾಸ್ಕೋದಲ್ಲಿರುವ ಮನೆ ಮುಟ್ಟುವಷ್ಟರಲ್ಲಿ ರಾತ್ರಿಯಾಗಿತ್ತು. ದಾರಿಯುದ್ದಕ್ಕೂ ಮಳೆ, ಗುಂಡಿ, ಸಾಖಳಿ ಕಡೆಯ ಆ ಕೆಂಪು ರಾಡಿ. ಭಾನುವಾರ ಎದ್ದವನೇ ಆಟೊಮ್ಯಾಟಿಕ್ ಕಾರ್ ವಾಶ್‌ಗೆ ಹೋದೆ. 500 ರೂಪಾಯಿ ಕೊಟ್ಟು ‘ಫುಲ್ ವಾಶ್’ ಮಾಡಿಸಿದೆ. ಗ್ಲಾಸ್ ಏರಿಸಿ ಒಳಗೇ ಕೂತಿದ್ದೆ. ನೊರೆ ಸುರಿಯಿತು, ಬ್ರಶ್ಶುಗಳು ತಿರುಗಿದವು, ಕೊನೆಗೆ ಗಾಳಿ ಬೀಸಿತು. ಹೊರಗೆ ಬಂದು ನೋಡಿದರೆ ಬಾನೆಟ್ ಮೇಲೆ ಮುಖ ಕಾಣುತ್ತಿದೆ, ಗಾಲಿ ಮಾತ್ರ ಹೋದ ಹಾಗೇ ಬಂದಿವೆ! ಟೈರಿನೊಳಗಿನ ಲೋಹದ ಚಕ್ರದ, ಅಂದರೆ ಅಲಾಯ್‌ನ, ಹೊರಮೈ ಒಂದಿಷ್ಟು ಬೆಳ್ಳಗಾಗಿದೆ. ಕಡ್ಡಿಗಳ ಸಂದಿಯಲ್ಲಿ, ಒಳಗಿನ ಸುತ್ತಿನಲ್ಲಿ ರಾಡಿ ಅಂಟಿಕೊಂಡೇ ಇದೆ.

ಕೇಳಿದ್ದಕ್ಕೆ ಅಲ್ಲಿದ್ದ ಹುಡುಗ, ಬಾಗಲಕೋಟೆ ಕಡೆಯವನು, ಮೆಲ್ಲಗೆ ಹೇಳಿದ: “ಅಣ್ಣಾರ, ಬ್ರಶ್ ಸಂದ್ಯಾಗ ಹೋಗೂದಿಲ್ರಿ. ಕೈಲೇ ತಿಕ್ಕಬೇಕ್ರಿ. ಆದ್ರ ಮಾಲಕರು ಲೈನ್ ನಿಲ್ಲಸಬ್ಯಾಡ ಅಂತಾರ್ರಿ.”

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೇಳಿದ್ದು ನಿಜ. ಬ್ರಶ್ ಹೊರಗಿನಿಂದ ಒತ್ತಿ ಕೆಲವು ಸೆಕೆಂಡು ತಿರುಗಿ ಮುಂದೆ ಹೋಗುತ್ತದೆ. ಬಾಗಿಲು ಚಪ್ಪಟೆ, ಅದಕ್ಕೆ ಅಷ್ಟು ಸಾಕು. ಗಾಲಿಗೆ ಹೇಗೆ ಸಾಕಾದೀತು? ಅದೂ ಘಾಟ್ ಇಳಿದು ಬಂದ ಗಾಲಿಗೆ! ಎರಡನೇ ಗೇರಿನಲ್ಲಿ ಇಳಿದರೂ ತಿರುವಿಗೊಮ್ಮೆ ಬ್ರೇಕ್ ಒತ್ತಲೇಬೇಕು. ಬ್ರೇಕಿನ ಪ್ಯಾಡೂ ಅದು ಹಿಡಿಯುವ ಡಿಸ್ಕೂ ಸವೆದು ಕಬ್ಬಿಣದ ಬಿಸಿ ಪುಡಿ ಉದುರಿ ಅಲಾಯ್‌ಗೆ ಅಂಟುತ್ತದೆ, ನೀರು ತಾಗಿ ಅಲ್ಲೇ ತುಕ್ಕು ಹಿಡಿಯುತ್ತದೆ. ನನ್ನ ಗಾಡಿಗೆ ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಪುಡಿ ಒಳಗೇ ಉಳಿಯುವ ಡ್ರಮ್ ಬ್ರೇಕ್. ಹಿಂದಿನ ಗಾಲಿಗಳು ಬರೀ ಕೆಂಪು, ಮುಂದಿನವುಗಳಲ್ಲಿ ಕೆಂಪಿನ ಕೆಳಗೆ ಕಪ್ಪು. ಆ ಕಪ್ಪು ನೊರೆಗೆ ಜಗ್ಗುವುದಿಲ್ಲ.

“ಮಳೆಗಾಲ, ನಾಳೆ ಮತ್ತೆ ರಾಡಿಯಾಗುತ್ತೆ, ಗಾಲಿಗೇಕೆ ಇಷ್ಟು ಚಿಂತೆ” ಅಂತ ನಮ್ಮ ಬಿಲ್ಡಿಂಗಿನವರೊಬ್ಬರು ಅಂದರು. ನಾಳೆ ಹಸಿವಾಗುತ್ತದೆಂದು ಇವತ್ತು ಊಟ ಬಿಡುತ್ತೇವೆಯೇ? ಮೇಲಾಗಿ ನಾವಿರುವುದು ಸಮುದ್ರದ ದಂಡೆಯಲ್ಲಿ. ಅಲಾಯ್ ಮೇಲಿನ ಲ್ಯಾಕರ್ ಲೇಪ ಒಮ್ಮೆ ಕಿತ್ತರೆ ಉಪ್ಪುಗಾಳಿ ಒಳಗಿನ ಲೋಹವನ್ನು ತಿನ್ನುತ್ತ ಹೋಗುತ್ತದೆ. ಒಳಸುತ್ತಿನಲ್ಲಿ ಒಂದೇ ಕಡೆ ರಾಡಿ ಗಟ್ಟಿಯಾದರೆ ಬ್ಯಾಲೆನ್ಸ್ ತಪ್ಪಿ ಸ್ಟೀರಿಂಗ್ ನಡುಗುತ್ತದೆ.

ಕೊನೆಗೆ ಮನೆಗೆ ಬಂದು ನಾನೇ ಕೂತೆ. ಗಾಲಿ ತಣ್ಣಗಾಗಿದೆಯೇ ಎಂದು ಮುಟ್ಟಿ ನೋಡಿ, ಕಬ್ಬಿಣದ ಪುಡಿ ಕರಗಿಸುವ ದ್ರಾವಣ ಹೊಡೆದೆ. ಎರಡು ನಿಮಿಷದಲ್ಲಿ ಮುಂದಿನ ಗಾಲಿಯಿಂದ ನೇರಳೆ ಹಣ್ಣು ಹಿಚುಕಿದಂತೆ ಬಣ್ಣ ಇಳಿಯತೊಡಗಿತು. ಕಬ್ಬಿಣ ತಾಗಿದರೆ ಆ ದ್ರಾವಣಕ್ಕೆ ಈ ಬಣ್ಣ ಬರುತ್ತದೆ. ಅಷ್ಟೂ ಕಬ್ಬಿಣ, ಫುಲ್ ವಾಶ್ ಆದ ಮೇಲೆ ಉಳಿದದ್ದು. ಗಾಲಿಗೇ ಇಟ್ಟ ಬೇರೆ ಬಕೆಟ್ಟು, ಬೇರೆ ಬ್ರಶ್ಶು ತಗೊಂಡು ಒಂದೊಂದೇ ಸಂದಿ ತಿಕ್ಕುತ್ತ ಬಂದೆ.

ಎಡ ಮುಂದಿನ ಟೈರು ಒರೆಸುವಾಗ ಬೆರಳಿಗೆ ಏನೋ ತಾಗಿತು. ಟೈರಿನ ಪಕ್ಕದ ಗೋಡೆಯಲ್ಲಿ, ಅಂದರೆ ಸೈಡ್‌ವಾಲ್‌ನಲ್ಲಿ, ಹೆಬ್ಬೆರಳಿನಷ್ಟುದ್ದದ ಸೀಳು, ಪಕ್ಕದಲ್ಲೇ ಸಣ್ಣ ಉಬ್ಬು. ಯಾವುದೋ ಗುಂಡಿಯ ಅಂಚಿಗೆ ಬಡಿದಿರಬೇಕು. ಅದರ ಮೇಲೆ ರಾಡಿ ಮೆತ್ತಿಕೊಂಡಿತ್ತು. ಸೈಡ್‌ವಾಲ್ ಹೀಗೆ ಹೋದರೆ ಪಂಕ್ಚರ್ ಹಾಕಿ ಓಡಿಸುವಂತಿಲ್ಲ, ಟೈರನ್ನೇ ಬದಲಿಸಬೇಕು. ಇದೇ ಟೈರಿನ ಮೇಲೆ ಹೆಂಡತಿ, ಮಗಳನ್ನು ಕೂಡಿಸಿಕೊಂಡು ಬಂದಿದ್ದೆ. ಕೈಯಲ್ಲಿ ಬ್ರಶ್ ಹಿಡಿದು ಸುಮಾರು ಹೊತ್ತು ಅಲ್ಲೇ ಕೂತುಬಿಟ್ಟೆ.

ನಮ್ಮಪ್ಪ ಲಾರಿ ಓಡಿಸುತ್ತಿದ್ದರು. ದಿನಾ ನಸುಕಿನಲ್ಲಿ ಅವರು ಮೊದಲು ತೊಳೆಯುತ್ತಿದ್ದದ್ದು ಗಾಲಿಗಳನ್ನು. ನಟ್ಟು ಸಡಿಲಾಗಿ ಅದರ ಸುತ್ತ ತುಕ್ಕಿನ ಗೆರೆ ಮೂಡಿದೆಯೇ, ಟೈರು ಸೀಳಿದೆಯೇ ಎಂದು ಕೈಯಾಡಿಸಿ ನೋಡುತ್ತಿದ್ದರು. ಚಿಕ್ಕವನಿದ್ದಾಗ ನೀರು ಹೊತ್ತು ಕೊಡಲು ಬೇಸರಪಡುತ್ತಿದ್ದೆ. ಆ ಬೇಸರಕ್ಕೆ ನಿನ್ನೆ ನಾಚಿಕೆಯಾಯಿತು.

ಮಷೀನು ಬೇಡ ಅನ್ನುತ್ತಿಲ್ಲ. ಗಾಡಿ ಒಳಗೆ ಬಿಡುವ ಮೊದಲು ಗಾಲಿಗೆ ದ್ರಾವಣ ಹೊಡೆದು, ಒಬ್ಬರು ಐದು ನಿಮಿಷ ಕೈಯಿಂದ ತಿಕ್ಕಲಿ. ಅದಕ್ಕೆ ಬೇರೆ ದುಡ್ಡು ಕೇಳಿದರೂ ಕೊಡುತ್ತೇನೆ. ಗಾಲಿ ಮುಟ್ಟದೆ ‘ಫುಲ್’ ಅಂತ ಬೋರ್ಡ್ ಹಾಕಬೇಡಿ.

ಇವತ್ತು ಸ್ಟೆಪ್ನಿ ಹಾಕಿದ್ದೇನೆ, ನಾಳೆ ಹೊಸ ಟೈರು. ಹೋದ ವಾರ ಘಾಟ್ ಇಳಿದು ಬಂದವರು ಯಾರಾದರೂ ಇದ್ದರೆ ದಯವಿಟ್ಟು ಈಗಲೇ ಕೆಳಗೆ ಹೋಗಿ, ಒಂದು ತಂಬಿಗೆ ನೀರು ಹಾಕಿ ನಾಲ್ಕೂ ಟೈರಿನ ಪಕ್ಕ ಕೈಯಾಡಿಸಿ ನೋಡಿ. ಒಳಬದಿಯನ್ನೂ ಬಿಡಬೇಡಿ.