2161ನೆಯವನು ಬೇಕಾಗಿದ್ದಾನೆ

ಕಾರವಾರ ಸೀಮೆಯಲ್ಲಿ ಮನೆ ಕಟ್ಟಲು ಜಾಗ ಎಲ್ಲಿದೆ ಎಂದು ಕೇಳಬೇಡಿ. ಗುಡ್ಡ ಅರಣ್ಯ ಇಲಾಖೆಯದ್ದು, ಅರಗಾದ ಕಡೆ ನೌಕಾನೆಲೆಯದ್ದು, ನಡುವೆ ಹೆದ್ದಾರಿ 66. ಉಳಿದ ಚೂರುಪಾರು ಹೊಯ್ಗೆಯ ಮೇಲೆ ಸಿಆರ್‌ಝೆಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ಕಾನೂನು, ಟೇಪು ಹಿಡಿದು ನಿಂತಿದೆ.

ಆ ಟೇಪಿನ ಉದ್ದ ತೀರ್ಮಾನವಾಗುವುದು ಅಲೆ ನೋಡಿ ಅಲ್ಲ, ತಲೆ ಎಣಿಸಿ. 2019ರ ಅಧಿಸೂಚನೆ ಪ್ರಕಾರ ಹಳ್ಳಿಯ ಜನಸಾಂದ್ರತೆ ಚದರ ಕಿಲೋಮೀಟರಿಗೆ 2161 ದಾಟಿದ್ದರೆ ಭರತದ ನೀರು ಮುಟ್ಟುವ ಗೆರೆಯಿಂದ 50 ಮೀಟರ್ ಬಿಟ್ಟು ಕಟ್ಟಿದರಾಯಿತು. ದಾಟದಿದ್ದರೆ 200. ಯಾವ ಪಂಚಾಂಗ ನೋಡಿ ಈ ಸಂಖ್ಯೆ ತೆಗೆದರೋ! ತಲೆ ಎಣಿಕೆಯೂ 2011ರ ಜನಗಣತಿಯದ್ದು. 2021ರದ್ದು ನಡೆಯಲೇ ಇಲ್ಲ. ಹೀಗಾಗಿ ಆಮೇಲೆ ತೀರಿಕೊಂಡ ಅಜ್ಜ ಲೆಕ್ಕದಲ್ಲಿ ಬದುಕಿದ್ದಾನೆ, ಹೈಸ್ಕೂಲಿಗೆ ಹೋಗುವ ಮೊಮ್ಮಗ ಇನ್ನೂ ಹುಟ್ಟಿಲ್ಲ.

ಜಿಲ್ಲೆಯ ಸರಾಸರಿ ಸಾಂದ್ರತೆ 140. ಶಿರಸಿ, ಸಿದ್ದಾಪುರದವರೆಲ್ಲ ಅಡಿಕೆ ಕೊಯ್ಲು ಬಿಟ್ಟು ಘಟ್ಟ ಇಳಿದು ನಮ್ಮ ದಂಡೆಯ ಮೇಲೆ ಚಾಪೆ ಹಾಸಿದರೆ 2161 ಮುಟ್ಟೀತೇನೋ. ಮೀನುಗಾರರ ಕೇರಿಯಲ್ಲಿ ಗೋಡೆಗೆ ಗೋಡೆ ತಾಗಿದೆ, ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯಲ್ಲಿ ಸೀನು. ಆದರೆ ಊರ ಗುಡ್ಡ, ಗದ್ದೆ, ಗಜನಿ ಎಲ್ಲ ಸೇರಿಸಿ ಭಾಗಿಸಿದಿರೋ, ಕಾಗದದಲ್ಲಿ ಊರೇ ಖಾಲಿ.

ಪೇಟೆಯವರ ಕಥೆ ಬೇರೆ. ನಗರಸಭೆಯ ಸರಹದ್ದಿನಲ್ಲಿ ಅರ್ಧಕ್ಕಿಂತ ಹೆಚ್ಚು ಪ್ಲಾಟುಗಳಲ್ಲಿ ಆಗಲೇ ಕಟ್ಟಡ ಎದ್ದಿದ್ದರೆ, ಇರುವ ರಸ್ತೆಯ ಒಳಬದಿಗೆ ಇನ್ನಷ್ಟು ಎಬ್ಬಿಸಬಹುದು. ತುಂಬಿದವನಿಗೆ ಪರವಾನಗಿ, ತೆಂಗಿನ ಹಿತ್ತಲು ಉಳಿಸಿಕೊಂಡ ಹಳ್ಳಿಯವನಿಗೆ ‘ಹಿಂದೆ ಸರಿ’. ಹಳೆ ಮನೆ ರಿಪೇರಿಗೆ ಅಡ್ಡಿಯಿಲ್ಲ ಅನ್ನುತ್ತಾರೆ, ಆದರೆ ಇದ್ದ ಅಡಿಪಾಯ, ಇದ್ದ ಸಾಂದ್ರತೆ ಮೀರುವಂತಿಲ್ಲ. ಸೊಸೆ ಒಳಗೆ ಬಂದ ದಿನ ಅತ್ತೆ ಹೊರಡಬೇಕು ಎಂದು ಮಾತ್ರ ಬರೆದಿಲ್ಲ, ಪುಣ್ಯ.

ನಮ್ಮ ಕಡೆಯ ಒಂದು ಪಂಚಾಯತ್‌ನಲ್ಲಿ ಸಾಹೇಬರೊಬ್ಬರು ಬಣ್ಣದ ನಕ್ಷೆ ಹರಡಿ ಇದನ್ನೇ ವಿವರಿಸುತ್ತಿದ್ದರು. ಮೀನು ಬುಟ್ಟಿ ಬಾಗಿಲಲ್ಲಿಟ್ಟು ಬಂದ ಅಮ್ಮನೊಬ್ಬಳು ಕೇಳಿಯೇ ಬಿಟ್ಟಳು:

“ಸಾಹೇಬ್ರೇ, ನಮ್ಮೂರಿಗೆ ಎಷ್ಟು ಜನ ಕಮ್ಮಿ ಬಿದ್ರು? ನನ್ನ ಮಗ ಗೋವಾಕ್ಕೆ ದುಡಿಯೂಕೆ ಹೋದವ, ಚೌತಿಗೆ ಬರ್ತ. ಅವನನ್ನೂ ಎಣಿಸಿ.”

“ಹಾಗೆಲ್ಲ ಬರುವುದಿಲ್ಲಮ್ಮ. ಆದರೆ ನೀವು ಸ್ಥಳೀಯರು. 100ರಿಂದ 200 ಮೀಟರ್ ನಡುವೆ ಅರ್ಜಿ ಹಾಕಬಹುದು.”

“ನೂರು ಮೀಟ್ರಿಗೆ ಹೆದ್ದಾರಿ ಉಂಟು. ಲಾರಿ ಅಡಿಗೆ ಕಟ್ಟೂಕಾ?”

ಸಾಹೇಬರು ನೀರು ಕುಡಿದರು. ಹೆದ್ದಾರಿಯ ಮಾತು ಬಂದದ್ದೇ ತಪ್ಪಾಯಿತು. ಏಕೆಂದರೆ ಅದೇ ಅಧಿಸೂಚನೆಯಲ್ಲಿ, ಮನೆ ಕಟ್ಟಬಾರದ ಈ ನಿಷಿದ್ಧ ವಲಯದೊಳಗೆ ಹೆದ್ದಾರಿ ಹಾದಿದ್ದರೆ ಅದರ ಮೇಲ್ಬದಿಗೆ ರೆಸಾರ್ಟು, ಹೋಟೆಲು ಏಳಬಹುದು. ಪ್ರವಾಸಿಗರ ತಾತ್ಕಾಲಿಕ ಗುಡಿಸಲಿಗಂತೂ, ಅಂದರೆ ಶ್ಯಾಕಿಗೆ, ನಕ್ಷೆಯಲ್ಲಿ ಪ್ರವಾಸೋದ್ಯಮ ಯೋಜನೆ ಸೇರಿದ್ದರೆ ಭರತದ ಗೆರೆಯಿಂದ 10 ಮೀಟರ್ ಸಾಕು. ಬಲೆ ಒಣಗಿಸುವವನಿಗೆ ಅಪಾಯವಾದ ಅಲೆ, ಬಿಯರು ಕುಡಿಯುವವನಿಗೆ ಬರೀ ನೋಟ.

ಹಾಗಾಗಿ ಅಮ್ಮನಿಗೆ ನನ್ನದೊಂದು ಬಿಟ್ಟಿ ಸಲಹೆ. ಅರ್ಜಿಯಲ್ಲಿ ಮನೆ ಎಂದು ಬರೆಯಬೇಡ, ಶ್ಯಾಕ್ ಎಂದು ಬರೆಸು. ಚೌತಿಗೆ ಬರುವ ಮಗ ಪ್ರವಾಸಿ. ಗೋವಾದಿಂದಲೇ ಬರುತ್ತಾನಲ್ಲ, ಯಾರೂ ಅನುಮಾನ ಪಡುವುದಿಲ್ಲ. ಊಟಕ್ಕೆ ಬಿಲ್ಲು ಕೊಡು, ಬಂಗಡೆ ಸಾರಿಗೆ ಜಿಎಸ್‌ಟಿ ಹಾಕು. ‘ಅಮ್ಮಾ’ ಎಂದು ಕರೆಯದಂತೆ ಮಾತ್ರ ಅವನಿಗೆ ಮೊದಲೇ ಹೇಳಿಡು, ತಪಾಸಣೆಗೆ ಬಂದವರಿಗೆ ಕೇಳಿಸೀತು.