ಇಸಬಿಗೆ ಎಕ್ಸ್-ರೇ: ಬೇಕಾ, ಬೇಡವಾ?

ಪರ

ಅಂಗೈ ಇಸಬು ಇರುವವರನ್ನು ಕೇಳಿ ನೋಡಿ. ಪಾತ್ರೆ ತೊಳೆದರೆ ಉರಿ, ಮೆಣಸಿನಕಾಯಿ ಮುಟ್ಟಿದರೆ ಉರಿ, ರಾತ್ರಿಯೆಲ್ಲಾ ಕೆರೆತ. ಮುಲಾಮು ಹಚ್ಚುವಷ್ಟು ದಿನ ತೆಪ್ಪಗಿರುತ್ತದೆ, ಬಿಟ್ಟರೆ ಮತ್ತೆ ಹಾಜರ್. ಇಂಥವರಿಗೆ ಗ್ರೆಂಜ್ ಕಿರಣ ಎಂಬ ಮೃದು ಎಕ್ಸ್-ರೇ ಒಂದು ದಾರಿ. ಅದನ್ನು ಮೂಲೆಗೆ ತಳ್ಳಿದ್ದು ಸರಿಯಲ್ಲ.

ಗುಸ್ತಾವ್ ಬಕಿ ಎಂಬ ಡಾಕ್ಟರ್ 1923ರಲ್ಲಿ ಬರ್ಲಿನ್‌ನಲ್ಲಿ ಇದನ್ನು ಚರ್ಮದ ಚಿಕಿತ್ಸೆಗೆ ತಂದರು. ಮೂಳೆಯ ಚಿತ್ರ ತೆಗೆಯುವ ಯಂತ್ರಕ್ಕೆ ಸಾಮಾನ್ಯವಾಗಿ 50 ಕಿಲೋವೋಲ್ಟಿಗೂ ಜಾಸ್ತಿ ಬೇಕು. ಇದಕ್ಕೆ 10ರ ಆಸುಪಾಸು ಸಾಕು. ಹಾಗಾಗಿ ಈ ಕಿರಣಕ್ಕೆ ಒಳಗೆ ನುಗ್ಗುವ ತಾಕತ್ತಿಲ್ಲ. ಚರ್ಮದ ಮೊದಲ ಅರ್ಧ ಮಿಲಿಮೀಟರಿನಲ್ಲೇ ಅರ್ಧದಷ್ಟು ಇಂಗಿಹೋಗುತ್ತದೆ. ಮಾಮೂಲಿ ಗಾಜನ್ನು ದಾಟುವುದೂ ಕಷ್ಟ, ಅದಕ್ಕೇ ಕಿರಣ ಹೊರಡುವ ಕೊಳವೆಗೆ ಬೆರಿಲಿಯಂ ಎಂಬ ಹಗುರ ಲೋಹದ ಕಿಟಕಿ ಇಡುತ್ತಾರೆ. ಕೈ ಒಡ್ಡುವ ಮೊದಲು ಹಚ್ಚಿದ ಮುಲಾಮನ್ನು ಚೆನ್ನಾಗಿ ಒರೆಸಬೇಕು. ಸತುವಿನ ಮುಲಾಮಿದ್ದರಂತೂ ಕಿರಣದ ಬಹುಪಾಲು ಅಲ್ಲೇ ನಿಂತುಬಿಡುತ್ತದೆ! ಆಮೇಲೆ ಕೆಲವು ನಿಮಿಷ ಸುಮ್ನೆ ಕೂತರಾಯಿತು. ಬಿಸಿಯಿಲ್ಲ, ನೋವಿಲ್ಲ.

ಎಕ್ಸ್-ರೇ ಅಂದ ಕೂಡಲೇ ಜನ ಇಸ್ರೇಲಿನ ಕಥೆ ತೆಗೆಯುತ್ತಾರೆ. 1950ರ ದಶಕದಲ್ಲಿ ಅಲ್ಲಿಗೆ ವಲಸೆ ಬಂದ ಸಾವಿರಾರು ಮಕ್ಕಳ ತಲೆಯ ಹುಳುಕಡ್ಡಿಗೆ ಎಕ್ಸ್-ರೇ ಕೊಟ್ಟರು. ಮುಂದೆ ಅವರಲ್ಲಿ ಥೈರಾಯ್ಡ್ ಕ್ಯಾನ್ಸರ್, ಮಿದುಳಿನ ಗಡ್ಡೆ ಜಾಸ್ತಿ ಕಂಡವು. ನಿಜವೇ. ಆದರೆ ಅಲ್ಲಿ ಬೇಕಿದ್ದದ್ದು ಸೋಂಕಿನ ಕೂದಲು ಉದುರುವುದು. ಕೂದಲ ಬುಡ ಇರುವುದು ಮಿಲಿಮೀಟರುಗಟ್ಟಲೆ ಕೆಳಗೆ. ಅಲ್ಲಿಗೆ ಮುಟ್ಟುವ ಕಿರಣ ಬುರುಡೆಯೊಳಗೂ ಹೋಗುತ್ತದೆ. ಗ್ರೆಂಜ್ ಕಿರಣಕ್ಕೆ ಕೂದಲೇ ಉದುರುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಹೇಗೆ?

ಸ್ವೀಡನ್ನಿನಲ್ಲಿ ಈ ಚಿಕಿತ್ಸೆ ಪಡೆದ 14,140 ಜನರ ಆರೋಗ್ಯವನ್ನು ವರ್ಷಗಟ್ಟಲೆ ನೋಡಿ 1986ರಲ್ಲಿ ವರದಿ ಬಂತು. ಅಪಾಯ ಇದ್ದರೂ ಸಣ್ಣದು, ನಿಯಮ ಮೀರಬಾರದು ಅಷ್ಟೇ, ಅನ್ನುವುದು ಅದರ ಸಾರ. ಇನ್ನು ನಾವು ಸಾಧು ಅಂದುಕೊಂಡ ಸ್ಟೀರಾಯ್ಡ್ ಮುಲಾಮು? ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೊಂಡು, ಚರ್ಮ ತೆಳುವಾಗಿ ನರ ಕಾಣುವ ತನಕ ಹಚ್ಚಿಕೊಂಡವರು ನಮ್ಮಲ್ಲಿ ಕಡಿಮೆಯೇನಲ್ಲ.

ವಿರೋಧ

ಕಿರಣ ಆಳಕ್ಕೆ ಹೋಗುವುದಿಲ್ಲ, ಒಪ್ಪೋಣ. ಆದರೆ ಚರ್ಮದ ಕ್ಯಾನ್ಸರ್ ಶುರುವಾಗುವುದೂ ಮೇಲ್ಪದರದಲ್ಲೇ ಅಲ್ವಾ? ಅಂಗೈ ಉದಾಹರಣೆಯೂ ಅಷ್ಟು ಗಟ್ಟಿಯಲ್ಲ. ಅಲ್ಲಿ ಸತ್ತ ಚರ್ಮದ ಪದರವೇ ದಪ್ಪ. ಹುರುಪೆಯೂ ಸೇರಿದರೆ ಕಿರಣದ ಒಳ್ಳೆ ಪಾಲನ್ನು ಅದೇ ನುಂಗುತ್ತದೆ. ಮೇಲಾಗಿ ಇದರಿಂದ ಇಸಬು ಬುಡಸಮೇತ ಹೋಗುವುದಿಲ್ಲ. ಕೆಲವು ತಿಂಗಳು ತಣ್ಣಗಿದ್ದು ಮತ್ತೆ ಬರಬಹುದು. ಬಂದಾಗ ಮತ್ತೆ ಕಿರಣ.

ನನ್ನ ಮುಖ್ಯ ತಕರಾರು ಇರುವುದು ಇಲ್ಲೇ. ಒಂದು ಸಲಕ್ಕೆ ಸಾಮಾನ್ಯವಾಗಿ 2 ಗ್ರೇ ಕೊಡುತ್ತಾರೆ (ಗ್ರೇ ಅಂದರೆ ಮೈ ಹೀರುವ ಕಿರಣದ ಅಳತೆ). ಒಂದೇ ಜಾಗಕ್ಕೆ ಜೀವಮಾನವಿಡೀ ಸೇರಿ 100 ಗ್ರೇ ದಾಟಬಾರದು ಎಂಬ ಮಿತಿಯಿದೆ. ಈ ಲೆಕ್ಕ ಇಡುವವರು ಯಾರು? ಸ್ವೀಡನ್ನಿನಲ್ಲಿ ಎಲ್ಲರಿಗೂ ಗುರುತಿನ ಸಂಖ್ಯೆ ಇದೆ, 1958ರಿಂದ ದೇಶದ ಕ್ಯಾನ್ಸರ್ ದಾಖಲೆ ಪುಸ್ತಕವೂ ಇದೆ. ಅದಕ್ಕೇ ಅಷ್ಟು ಜನರನ್ನು ಹಿಂಬಾಲಿಸಲು ಆಯಿತು. ನಮ್ಮಲ್ಲಿ ರೋಗಿಯ ಚರಿತ್ರೆ ಅಂದರೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿರುವ ಚೀಟಿಗಳು. ಅರ್ಧದ ಮೇಲೆ ಅಕ್ಷರ ಮಾಸಿರುತ್ತದೆ. ಡಾಕ್ಟರ್ ಬದಲಾದರೆ ಅದೂ ಇಲ್ಲ. ನಿಯಮ ಮೀರಬಾರದು ಅಂತ ಪರ ವಾದದವರು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಇಡೀ ಭರವಸೆ ನಿಂತಿರುವುದು ಆ ಮಾತಿನ ಮೇಲೆ.

ಇಸ್ರೇಲಿನ ವಿಷಯದಲ್ಲೂ ಒಂದು ಮಾತು. ಆ ಡಾಕ್ಟರುಗಳು ಹೊಸದೇನೋ ಪ್ರಯೋಗ ಮಾಡಿದ್ದಲ್ಲ. ಪ್ಯಾರಿಸ್‌ನಲ್ಲಿ ಸಬೂರೋ ಎಂಬ ಚರ್ಮದ ಡಾಕ್ಟರ್ 20ನೇ ಶತಮಾನದ ಆರಂಭದಲ್ಲೇ ರೂಢಿಗೆ ತಂದ ಚಿಕಿತ್ಸೆ ಅದು. ಹುಳುಕಡ್ಡಿ ಹೋಯಿತು, ಕೂದಲು ಮತ್ತೆ ಬಂತು, ಎಲ್ಲರಿಗೂ ನೆಮ್ಮದಿ. ಥೈರಾಯ್ಡ್‌ಗೆ ಯಾರೂ ಗುರಿಯಿಟ್ಟಿರಲಿಲ್ಲ, ತಗುಲಿದ್ದೂ ಬಹಳ ಕಡಿಮೆ. ಆದರೂ ಇಸ್ರೇಲಿನ ಸಂಶೋಧಕ ಬಾರೂಖ್ ಮೋದನ್ ಅವರ ತಂಡ 1974ರಲ್ಲಿ ಲೆಕ್ಕ ಹೊರಗಿಟ್ಟಾಗ ಹಾನಿ ಕಣ್ಣಿಗೆ ಕಂಡಿತು. 1994ರಲ್ಲಿ ಪರಿಹಾರಕ್ಕೆ ಕಾನೂನೇ ಬಂತು. ಆ ಎಕ್ಸ್-ರೇ ರೂಢಿ ತಪ್ಪಿದ್ದು ಮಾತ್ರ ಭಯದಿಂದಲ್ಲ, ಗ್ರಿಸಿಯೋಫಲ್ವಿನ್ ಎಂಬ ಮಾತ್ರೆ ಬಂದದ್ದರಿಂದ.

ಇಸಬಿಗೂ, ಚರ್ಮ ದಪ್ಪಗಾಗಿ ಹುರುಪೆ ಏಳುವ ಸೋರಿಯಾಸಿಸ್‌ಗೂ ಈಗ ಅಂಥ ದಾರಿಗಳಿವೆ. 311 ನ್ಯಾನೋಮೀಟರಿನ ನೇರಳಾತೀತ ಬೆಳಕು ಬೀರುವ ಯುವಿಬಿ ದೀಪವಿದೆ, ಮೆಥೊಟ್ರೆಕ್ಸೇಟ್ ಎಂಬ ಔಷಧಿ ಇದೆ. ದೀಪಕ್ಕಾಗಿ ವಾರಕ್ಕೆ ಎರಡು ಮೂರು ಸಲ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಬೇಕು, ಕೂಲಿ ಕಳೆದುಕೊಳ್ಳಬೇಕು. ಆ ಕಷ್ಟ ಸಣ್ಣದಲ್ಲ. ಆದರೆ ಅದಕ್ಕೆ ಮದ್ದು ಇನ್ನಷ್ಟು ಊರುಗಳಿಗೆ ದೀಪ ತರುವುದು, ಹಳೇ ಯಂತ್ರದ ಧೂಳು ಒರೆಸುವುದಲ್ಲ. ಗ್ರೆಂಜ್ ಕಿರಣ ಬಿದ್ದ ಜಾಗ ಕಪ್ಪಾಗುವುದೂ ಇದೆ. ನಮ್ಮ ಗೋಧಿ, ಕಪ್ಪು ಮೈಬಣ್ಣದವರಿಗೆ ಆ ಕಲೆ ಬೇಗ ಬಿಡುವುದಿಲ್ಲ.

ಒಂದು ಕಡೆ ಮಾತ್ರ ನಾನು ಅಡ್ಡ ಬರುವುದಿಲ್ಲ. ವಯಸ್ಸಾದವರ ಮುಖದ ಮೇಲೆ ನಿಧಾನಕ್ಕೆ ಹರಡುವ ಲೆಂಟಿಗೋ ಮಲಿಗ್ನಾ ಎಂಬ ಆರಂಭದ ಕ್ಯಾನ್ಸರ್ ಇದೆ. ಆಪರೇಷನ್ ತಡೆಯುವ ಶಕ್ತಿಯಿಲ್ಲದ ಅಜ್ಜಿಗೆ ನುರಿತ ಡಾಕ್ಟರ್ ಈ ಕಿರಣ ಕೊಡುತ್ತೇನೆ ಅಂದರೆ ಕೊಡಲಿ. ಅದು ಇಸಬಿನ ತುರಿಕೆಯಲ್ಲ.